ಡೋಟಾ 2 ಆಡುವವರೇ, ನಿಮ್ಮ ಪಂದ್ಯಗಳ ವಿವರ ಯಾರಿಗೆಲ್ಲ ಕಾಣುತ್ತಿದೆ?

ಡೋಟಾ 2 ಎಂಬ ಆನ್‌ಲೈನ್ ತಂಡದ ಆಟ ಆಡುವ ಗೆಳೆಯ ಗೆಳತಿಯರು ಡೋಟಾಬಫ್, ಓಪನ್‌ಡೋಟಾ ತಾಣಗಳಲ್ಲಿ ತಮ್ಮ ಅಂಕಿಅಂಶ ನೋಡುವುದು ಒಳ್ಳೆಯದೇ. ಯಾವ ಹೀರೋ (ಆಟದಲ್ಲಿ ನಾವು ಆಡಿಸುವ ಪಾತ್ರ) ಕೈಹಿಡಿಯುತ್ತಿದೆ, ನಿಮಿಷಕ್ಕೆ ಎಷ್ಟು ಚಿನ್ನ ಗಳಿಸುತ್ತಿದ್ದೇವೆ ಎಂಬುದು ತಿಳಿದರೆ ಆಟ ಬೇಗ ಸುಧಾರಿಸುತ್ತದೆ.

ಆದರೆ ಅಲ್ಲಿ ನಿಮಗೆ ಕಾಣುವುದು ಅಪರಿಚಿತರಿಗೂ ಕಾಣುತ್ತದೆ, ಪಂದ್ಯದ ದಿನಾಂಕ ಮತ್ತು ಸಮಯದ ಸಮೇತ. ನೀವು ಯಾವ ರಾತ್ರಿ ಎಷ್ಟು ಹೊತ್ತಿನವರೆಗೆ ಆಡಿದಿರಿ, ಯಾರ ಜೊತೆ ಪದೇ ಪದೇ ಆಡುತ್ತೀರಿ ಎಂದು ಯಾರು ಬೇಕಾದರೂ ಕೂತಲ್ಲೇ ಲೆಕ್ಕ ಹಾಕಬಹುದು. ಸೋತ ಸಿಟ್ಟಿಗೆ ಆಟದಾಚೆಗೂ ಹಿಂಬಾಲಿಸಿ ಕಾಡುವವರಿಗೆ, ಅದರಲ್ಲೂ ಹೆಣ್ಣುಮಕ್ಕಳ ಬೆನ್ನುಬೀಳುವವರಿಗೆ, ಇಷ್ಟು ಸುಳಿವು ಸಾಕು. ನನಗೆ ನಿಜವಾದ ಕಳವಳ ಇರುವುದು ಇಲ್ಲಿಯೇ.

ಆಟದ ಸೆಟ್ಟಿಂಗ್ಸ್‌ನಲ್ಲಿ ‘ಎಕ್ಸ್‌ಪೋಸ್ ಪಬ್ಲಿಕ್ ಮ್ಯಾಚ್ ಡೇಟಾ’ ಎಂಬ ಆಯ್ಕೆಯಿದೆ. ಅದನ್ನು ಆಫ್ ಮಾಡಿದರೆ ಮುಂದಿನ ಪಂದ್ಯಗಳು ಈ ತಾಣಗಳಲ್ಲಿ ಕಂಡರೂ ನಿಮ್ಮ ಸ್ಥಾನದಲ್ಲಿ ಅನಾಮಿಕ ಆಟಗಾರ ಎಂದಷ್ಟೇ ಇರುತ್ತದೆ. ತಾಣಗಳು ಈಗಾಗಲೇ ಉಳಿಸಿಕೊಂಡಿರುವ ಹಳೆಯ ದಾಖಲೆಯೂ ಅಳಿಸಿಹೋಗುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ. ಈ ಆಟ ಸಿಗುವ ವೇದಿಕೆಯಾದ ಸ್ಟೀಮ್‌ನ ಪ್ರೊಫೈಲ್‌ನಲ್ಲಿರುವ ‘ಗೇಮ್ ಡೀಟೇಲ್ಸ್’ ಬೇರೆಯೇ ಆಯ್ಕೆ. ಅದನ್ನು ಸ್ನೇಹಿತರಿಗಷ್ಟೇ ಸೀಮಿತಗೊಳಿಸಿ.

ಸ್ಟೀಮ್‌ನದೇ ಇನ್ನೊಂದು ಆಟವಾದ ಕೌಂಟರ್-ಸ್ಟ್ರೈಕ್ 2 ಆಡುವವರು ಲೀಟಿಫೈನಂತಹ ಅಂಕಿಅಂಶದ ತಾಣಕ್ಕೆ ಪಂದ್ಯಗಳ ಇತಿಹಾಸ ನೋಡುವ ಕೋಡ್ ಕೊಟ್ಟಿದ್ದರೆ, ಬಳಕೆ ಮುಗಿದ ಮೇಲೆ ಸ್ಟೀಮ್ ಸಪೋರ್ಟ್ ಪುಟದಲ್ಲಿ ಅದನ್ನು ರದ್ದುಪಡಿಸಬಹುದು. ಸ್ಟೀಮ್ ಪಾಸ್‌ವರ್ಡ್ ಅನ್ನು ಸ್ಟೀಮ್‌ನ ಸ್ವಂತ ಲಾಗಿನ್ ಪುಟದ ಹೊರತು ಬೇರೆಲ್ಲೂ ಟೈಪ್ ಮಾಡಬೇಡಿ.