ಕಾಯಿಲೆ, ಸಾವು ಕಂಡ ಮನೆಯಲ್ಲಿ ಎಳ್ಳಮಾವಾಸ್ಯೆ

ಕಲಬುರಗಿ, ಬೀದರ, ಯಾದಗಿರಿ ಸೀಮೆಯ ಒಕ್ಕಲು ಮನೆತನಗಳಿಗೆ ಎಳ್ಳಮಾವಾಸ್ಯೆ ಎಂದರೆ ಕಾಳು, ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡಬು, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಬಂಧುಬಳಗವೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲುವ, ಅಂದರೆ ಭೂಮಿತಾಯಿಗೆ ಎಡೆಯಾಗಿ ಆ ಅಡುಗೆಯನ್ನು ಹೊಲದಲ್ಲಿ ಚೆಲ್ಲುವ ದಿನ. ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದರೆ, ಅಥವಾ ವರ್ಷದೊಳಗೆ ಸಾವು ಸಂಭವಿಸಿದ್ದರೆ, ಆ ದಿನವನ್ನು ಹೇಗೆ ಕಳೆಯಬೇಕೆಂಬುದನ್ನು ಒಂದು ವಾರ ಮೊದಲೇ ಮಾತಾಡಿಕೊಳ್ಳಬೇಕು. ನೆಂಟರು ಬಾಗಿಲಿಗೆ ಬಂದ ಮೇಲೆ ಯಾವ ತೀರ್ಮಾನವೂ ಮನೆಯವರ ಕೈಯಲ್ಲಿ ಉಳಿಯುವುದಿಲ್ಲ.

ಮೊದಲು ರೋಗಿಯನ್ನೇ ಕೇಳಿ. ಹೊಲಕ್ಕೆ ಬರುತ್ತೇನೆಂದರೆ ಮರದ ನೆರಳಿಗೆ ಒಂದು ಹೊರಸು ಹಾಕಿಸಿ, ದಣಿವಾದೊಡನೆ ಹಿಂತಿರುಗಲು ಒಂದು ವಾಹನವನ್ನೂ ಒಬ್ಬ ಮನುಷ್ಯನನ್ನೂ ಅದಕ್ಕೆಂದೇ ಮೀಸಲಿಡಿ. ಬೇಡವೆಂದರೆ ಒತ್ತಾಯಿಸಬೇಡಿ.

ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಹಬ್ಬಕ್ಕೆ ರಿಯಾಯಿತಿ ಇಲ್ಲ. ಅಮಾವಾಸ್ಯೆಯ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬಾರದೆಂದು ಹಿರಿಯರು ಹೇಳಿದರೂ ಡಯಾಲಿಸಿಸ್ ಸರದಿಯನ್ನು ಮುಂದೂಡಬಾರದು. ಕಾಳು ಮತ್ತು ಸೊಪ್ಪುಗಳಲ್ಲಿ ಪೊಟ್ಯಾಸಿಯಂ ಹೆಚ್ಚು. ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಅದು ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ, ಆದರೆ ಭಜ್ಜಿಯಲ್ಲಿ ಆ ನೀರು ಅಲ್ಲೇ ಇಂಗುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುವುದರಿಂದ, ಕಿಡ್ನಿ ಕೆಟ್ಟವರು ಭಜ್ಜಿಯನ್ನು ಎಷ್ಟು ತಿನ್ನಬಹುದೆಂದು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಅವರಿಗೆ ನೀರಿನ ಮಿತಿ ಹೇಳಿದ್ದರೆ ಅಂಬಲಿ, ಮಜ್ಜಿಗೆಯೂ ಆ ಲೆಕ್ಕಕ್ಕೇ ಸೇರುತ್ತವೆ. ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲೋ ಬೇರೆಲ್ಲೋ ಕಿಮೋ ತೆಗೆದುಕೊಳ್ಳುತ್ತಿರುವವರ ಹತ್ತಿರ ಕೆಮ್ಮು, ನೆಗಡಿ ಇರುವ ನೆಂಟರನ್ನು ಬಿಡಬೇಡಿ, ಅವರು ಮುನಿಸಿಕೊಂಡರೂ ಸರಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಮಾತ್ರೆ ಕೊಟ್ಟು ಬೆಳಗಿನವರೆಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ನೋವಿನ ಮಾತ್ರೆಗಳನ್ನು ಹಬ್ಬಕ್ಕೆ ಮೊದಲೇ ತಂದಿಡಿ.

ಸಾವಾದ ಮನೆಯವರು ಆ ವರ್ಷ ಹಬ್ಬ ಬಿಡುವುದು ಹಲವರಲ್ಲಿ ರೂಢಿ. ಒಲೆಯ ಮುಂದೆ ದಿನವಿಡೀ ನಿಲ್ಲುವ ಭಾರವನ್ನಾದರೂ ಅದು ತಪ್ಪಿಸುತ್ತದೆ; ಬಿಡುವುದಾದರೆ ನೆರೆಯವರು ತಂದ ಬುತ್ತಿಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಿ. ಹಬ್ಬ ಮಾಡುವುದಾದರೆ, ಗಂಡನನ್ನು ಕಳೆದುಕೊಂಡವಳನ್ನು ಮನೆ ಕಾಯಲು ಬಿಟ್ಟು ಉಳಿದವರು ಹೊಲಕ್ಕೆ ಹೊರಡುವುದನ್ನು ನಾನಂತೂ ಒಪ್ಪಲಾರೆ. ಗಂಡನ ಜೊತೆ ಆ ಹೊಲದಲ್ಲಿ ಕಳೆ ಕಿತ್ತವಳು ಅವಳು, ಚರಗದ ಬುಟ್ಟಿ ಅವಳ ಕೈಯಲ್ಲೇ ಇರಲಿ; ಬೇಡವೆಂದು ಅವಳೇ ಹೇಳಿದರೆ ಆ ಮಾತು ಬೇರೆ. ಊಟಕ್ಕೆ ಕುಳಿತಾಗ ಸತ್ತವರ ಹೆಸರೆತ್ತಲು ಹೆದರಬೇಡಿ. ಅಪ್ಪ ಊರಿಗೆ ಹೋಗಿದ್ದಾನೆಂದು ಮಕ್ಕಳಿಗೆ ಹೇಳಬೇಡಿ. ಸತ್ತಿದ್ದಾನೆಂದು ನೇರವಾಗಿ ಹೇಳಿದರೆ ಅವರು ಬಾಗಿಲು ನೋಡುತ್ತ ಕೂರುವುದು ತಪ್ಪುತ್ತದೆ.

ಬರುವವರಿಗೂ ಒಂದು ಮಾತು. "ಹ್ಯಾಂಗಾತು, ಯಾವಾಗಾತು" ಎಂದು ಪ್ರತಿಯೊಬ್ಬರೂ ಮೊದಲಿನಿಂದ ಹೇಳಿಸುವ ಬದಲು ನೀರು ತಂದಿಡಿ, ಪಾತ್ರೆ ತೊಳೆಯಿರಿ. ಎಲ್ಲರೂ ಅಂದೇ ಸಂಜೆ ಬಸ್ಸು ಹತ್ತದೆ ಒಬ್ಬರಾದರೂ ಮರುದಿನವೂ ಉಳಿಯಿರಿ, ಏಕೆಂದರೆ ಮನೆ ಬರಿದಾದಾಗಲೇ ದುಃಖ ಹೆಚ್ಚು ಕಾಡುತ್ತದೆ. ವಾರಗಟ್ಟಲೆ ನಿದ್ದೆ, ಊಟ ಬಿಟ್ಟವರನ್ನು, ಬದುಕಿ ಏನು ಮಾಡಲಿ ಎನ್ನುವವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.