ಫ್ರಾನ್ಸಿನ ಮಿಲಿಸ್ ಹುಟ್ಟಿದ್ದು ಹೇಗೆ: ದಾಖಲೆಗಳಲ್ಲಿ ಜಾಡು ಹಿಡಿಯುವ ಕ್ರಮ

ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಜೊತೆ ಕೈಜೋಡಿಸಿದ ಫ್ರೆಂಚ್ ಅರೆಸೈನಿಕ ಪಡೆ ಮಿಲಿಸ್. ಅದನ್ನು ಸ್ಥಾಪಿಸಿದ್ದು 1943ರ ಜನವರಿ 30ರ ಕಾನೂನು. ಹುಡುಕಾಟವನ್ನು ಮಾತ್ರ ಅಲ್ಲಿಂದ ಶುರುಮಾಡಬೇಡಿ. ಆಗಲೇ ಇದ್ದ ಒಂದು ಪಡೆಗೆ ಆ ಕಾನೂನು ಹೊಸ ಹೆಸರು ಮತ್ತು ಸರ್ಕಾರದ ಮುದ್ರೆ ಕೊಟ್ಟಿತು, ಅಷ್ಟೇ.

ಮೊದಲು ನಕ್ಷೆ ಬಿಡಿಸಿಕೊಳ್ಳಿ. 1940ರ ಜೂನ್ 22ರ ಕದನವಿರಾಮದ ನಂತರ ಉತ್ತರ ಭಾಗ ಮತ್ತು ಅಟ್ಲಾಂಟಿಕ್ ಕರಾವಳಿ ಜರ್ಮನ್ ಸೇನೆಯ ವಶವಾದವು. ಮಾರ್ಷಲ್ ಪೆತಾಂನ ಫ್ರೆಂಚ್ ಸರ್ಕಾರ ದಕ್ಷಿಣ ವಲಯದ ವಿಶಿ ಪಟ್ಟಣದಲ್ಲಿ ಕುಳಿತಿತು; ಅದನ್ನೇ ವಿಶಿ ಸರ್ಕಾರ ಎನ್ನುವುದು. ಸಿಕ್ಕ ಪ್ರತಿ ಕಾಗದಕ್ಕೂ ಮೂರು ಗುರುತು ಹಾಕಿ: ತಾರೀಖು, ವಲಯ, ಆಯುಧ ಇತ್ತೇ ಇಲ್ಲವೇ.

ಬುಡ ಇರುವುದು ಮಾಜಿ ಸೈನಿಕರ ಸಂಘದಲ್ಲಿ. 1940ರ ಆಗಸ್ಟ್ 29ರಂದು ವಿಶಿ ಸರ್ಕಾರ ಎಲ್ಲ ಮಾಜಿ ಯೋಧರ ಸಂಘಗಳನ್ನು ಒಂದೇ ಲೆಜಿಯನ್‌ಗೆ ಸೇರಿಸಿತು. ಉತ್ತರದಲ್ಲಿ ಜರ್ಮನ್ನರು ಅದಕ್ಕೆ ಅವಕಾಶ ಕೊಡಲಿಲ್ಲ. ಹಾಗಾಗಿ ಮುಂದಿನ ಬೆಳವಣಿಗೆಯೆಲ್ಲ ದಕ್ಷಿಣದ್ದು. ಅಲ್ಲಿ ನೀಸ್ ಸುತ್ತಮುತ್ತ, ಮೊದಲ ಮಹಾಯುದ್ಧದ ವೀರನೆನಿಸಿದ್ದ ಜೋಸೆಫ್ ದಾರ್ನಾಂ 1941ರಲ್ಲಿ ಲೆಜಿಯನ್ನಿನ ಉಗ್ರ ನಿಲುವಿನವರನ್ನು ಆರಿಸಿ ಎಸ್‌ಒಎಲ್ (ಲೆಜಿಯನ್ನಿನ ಸುವ್ಯವಸ್ಥಾ ಸೇವೆ) ಎಂಬ ದಳ ಕಟ್ಟಿದ. 1942ರ ಜನವರಿಯಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ತನ್ನ ನಿಲುವು ಸಾರಿದ ಅದರ 21 ಅಂಶಗಳ ಪಟ್ಟಿಯನ್ನು ನಿಧಾನವಾಗಿ ಓದಿ. ಪ್ರತಿ ಸಾಲೂ 'ಇದರ ವಿರುದ್ಧ, ಅದರ ಪರ' ಎಂಬ ಅಚ್ಚಿನದು. ಯಹೂದಿಗಳು, ಫ್ರೀಮೇಸನ್ನರು, ಬೋಲ್ಶೆವಿಕರು ಎಲ್ಲರೂ ಶತ್ರುಗಳೆಂದು ಅಲ್ಲಿ ನಮೂದಾಗಿದ್ದಾರೆ. ಮಿಲಿಸ್ ಇದೇ ಪಟ್ಟಿಯನ್ನು ಉಳಿಸಿಕೊಂಡಿತು. ಈ ದ್ವೇಷ ಜರ್ಮನಿಯಿಂದ ಬಂದ ಆಮದಲ್ಲ ಎಂಬುದಕ್ಕೆ ಇಷ್ಟು ಸಾಕು.

ಜರ್ಮನ್ ಒತ್ತಡವನ್ನು ಆಮೇಲೆ ಸೇರಿಸಿ. 1942ರ ನವೆಂಬರ್ 11ರಂದು ಅವರ ಸೇನೆ ದಕ್ಷಿಣಕ್ಕೂ ನುಗ್ಗಿತು. ಡಿಸೆಂಬರ್ 19ರಂದು ಪ್ರಧಾನಿ ಲಾವಾಲ್ ಹಿಟ್ಲರನನ್ನು ಕಂಡ. ಮರು ತಿಂಗಳೇ ಕಾನೂನು ಬಂತು. ಲಾವಾಲ್ ಮುಖ್ಯಸ್ಥನಾದ, ದಾರ್ನಾಂ ಪ್ರಧಾನ ಕಾರ್ಯದರ್ಶಿಯಾದ. ಕಾನೂನಿನ ಪೂರ್ಣ ಪಾಠ ಅಂದಿನ ಸರ್ಕಾರಿ ಗೆಜೆಟ್ಟಿನಲ್ಲಿದೆ.

ಹೆಚ್ಚಿನವರು ಎಡವುವುದು ವಲಯ ಮತ್ತು ಆಯುಧದ ವಿಷಯದಲ್ಲಿ. ಮಿಲಿಸ್ ಉತ್ತರಕ್ಕೆ ಹರಡಿದ್ದು 1944ರ ಜನವರಿಯಲ್ಲಿ. 1943ರ ಪ್ಯಾರಿಸ್ ಬಂಧನಗಳನ್ನು ಅದರ ಲೆಕ್ಕಕ್ಕೆ ಬರೆದರೆ ತಪ್ಪು. ಅಲ್ಲಿ ಪ್ರತಿರೋಧದವರನ್ನು (ಜರ್ಮನ್ನರ ಮತ್ತು ವಿಶಿಯ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಫ್ರೆಂಚರನ್ನು) ಬೇಟೆಯಾಡುತ್ತಿದ್ದದ್ದು ನಗರ ಪೊಲೀಸರ ವಿಶೇಷ ದಳಗಳು. ಆರಂಭದಲ್ಲಿ ಮಿಲಿಸ್ ಬಳಿ ಆಯುಧಗಳೂ ಅತ್ಯಲ್ಪ. 1943ರ ಆಗಸ್ಟಿನಲ್ಲಿ ದಾರ್ನಾಂ ವಾಫೆನ್-ಎಸ್‌ಎಸ್ (ನಾಜಿಗಳ ಎಸ್‌ಎಸ್ ಸಂಘಟನೆಯ ಸೈನಿಕ ವಿಭಾಗ) ಪ್ರತಿಜ್ಞೆ ಮಾಡಿದ ಮೇಲಷ್ಟೇ ಜರ್ಮನ್ನರು ಆಯುಧ ಬಿಡುಗಡೆ ಮಾಡಿದರು. ಪತ್ರಿಕೆ ಹುಡುಕುವಾಗಲೂ ಜೋಕೆ: 'ಕೊಂಬಾ' ಹೆಸರಿನ ಕೊನೆಯಲ್ಲಿ ಫ್ರೆಂಚ್ ಎಸ್ ಅಕ್ಷರವಿದ್ದರೆ ಅದು ಮಿಲಿಸ್‌ನ ವಾರಪತ್ರಿಕೆ, ಇಲ್ಲದಿದ್ದರೆ ಪ್ರತಿರೋಧದವರ ರಹಸ್ಯ ಪತ್ರಿಕೆ.

ಕೊನೆಗೆ, ಮಿಲಿಸ್ ಸದಸ್ಯರನ್ನು ಆಮೇಲೆ ನ್ಯಾಯಾಲಯಕ್ಕೆಳೆದಾಗಿನ ವಿಚಾರಣಾ ಕಡತಗಳು. ಫ್ರೆಂಚ್ ಸರ್ಕಾರದ 2015ರ ಡಿಸೆಂಬರ್ 24ರ ಆದೇಶದಿಂದ ಇವನ್ನು ನೋಡುವುದು ಸುಲಭವಾಗಿದೆ. ಆದರೆ ಇವು ಆರೋಪಿಗಳು ತಲೆ ಉಳಿಸಿಕೊಳ್ಳಲು ಆಡಿದ ಮಾತುಗಳು. ಜರ್ಮನಿಯ ಕಡ್ಡಾಯ ದುಡಿಮೆ ತಪ್ಪಿಸಿಕೊಳ್ಳಲು ಮಿಲಿಸ್ ಸೇರಿದೆ ಎಂದು ಆರೋಪಿ ಹೇಳಿದರೆ, ಆ ಕಾನೂನು 1943ರ ಫೆಬ್ರವರಿ 16ರದ್ದು, ಅದಕ್ಕೆ ಮುಂಚಿನ ದುಡಿಮೆ ಕಾನೂನು 1942ರ ಸೆಪ್ಟೆಂಬರಿನದ್ದು ಎಂಬುದನ್ನು ನೆನಪಿಡಿ. ಜಿಲ್ಲಾ ದಾಖಲಾಗಾರದಲ್ಲಿ 1942ರ ಮೊದಲ ತಿಂಗಳುಗಳ ಎಸ್‌ಒಎಲ್ ಸದಸ್ಯರ ಪಟ್ಟಿ ತೆಗೆಸಿ. ಅದರಲ್ಲಿ ಅವನ ಹೆಸರಿದ್ದರೆ ಆ ಸಬೂಬು ನಿಲ್ಲುವುದಿಲ್ಲ.