ಬಾಟಲಿಗಿಂತ ಮೊದಲು ಪ್ಯಾಡ್: ಕಾರಿಗೆ ಮೆಷಿನ್ ಪಾಲಿಶ್ ಮಾಡುವ ನನ್ನ ಕ್ರಮ

ಮೆಷಿನ್ ಪಾಲಿಶ್ ಕಲಿಯಲು ಹೊರಟವರ ಮೊದಲ ಪ್ರಶ್ನೆ ‘ಯಾವ ಪಾಲಿಶ್ ತಗೊಳ್ಳಲಿ?’ ಎಂಬುದೇ. ಪ್ಯಾಡ್, ಅಂದರೆ ಮೆಷಿನ್‌ಗೆ ಅಂಟಿಸಿ ಪೇಂಟ್ ಉಜ್ಜುವ ದುಂಡು ಬಿಲ್ಲೆಯ ಬಗ್ಗೆ ಮಾತು ತೆಗೆದರೆ ಅವರಿಗೆ ಬೇಸರ. ಆದರೆ ಪೇಂಟ್ ಎಷ್ಟು ಸವೆಯುತ್ತದೆ ಎಂಬುದನ್ನು ಬಾಟಲಿಗಿಂತ ಹೆಚ್ಚಾಗಿ ಪ್ಯಾಡೇ ತೀರ್ಮಾನಿಸುತ್ತದೆ. ಒಂದೇ ಪಾಲಿಶನ್ನು ಉಣ್ಣೆ ಪ್ಯಾಡಿಗೆ ಹಾಕಿದರೆ ಕಾಂಪೌಂಡಿನಂತೆ (ಜೋರಾಗಿ ಸವೆಸುವ ಒರಟು ಪಾಲಿಶ್) ಸವೆಸುತ್ತದೆ, ಮೆತ್ತನೆ ಫೋಮಿಗೆ ಹಾಕಿದರೆ ಮಬ್ಬು ತೆಗೆದು ಹೊಳಪಷ್ಟೇ ಕೊಡುತ್ತದೆ. ಹಾಗಾಗಿ ನಾನು ಇಟ್ಟುಕೊಂಡಿರುವುದು ಎರಡೇ ಬಾಟಲಿ: ಒಂದು ಕಾಂಪೌಂಡ್, ಒಂದು ನಯವಾದ ಪಾಲಿಶ್. ಪ್ಯಾಡ್ ಮಾತ್ರ ಐದು ಬಗೆ.

ಪಾಲಿಶ್ ಮಾಡಿದಾಗ ಗೀರು ‘ಮುಚ್ಚಿಕೊಳ್ಳುವುದಿಲ್ಲ’. ಗೀರಿನ ಸುತ್ತಲಿನ ಕ್ಲಿಯರ್ ಕೋಟ್, ಅಂದರೆ ಬಣ್ಣದ ಮೇಲಿನ ಪಾರದರ್ಶಕ ಪದರ, ಸವೆದು ಗೀರಿನ ತಳಕ್ಕೆ ಸಮನಾಗುತ್ತದೆ, ಅಷ್ಟೇ. ಆ ಕ್ಲಿಯರ್ ಕೋಟ್ ಇರುವುದೇ ಸಾಮಾನ್ಯವಾಗಿ 40ರಿಂದ 60 ಮೈಕ್ರಾನ್, ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣವನ್ನು ತಡೆಯುವುದೂ ಅದೇ ಪದರ. ಅತಿಯಾಗಿ ಸವೆಸಿದರೆ ಇವತ್ತು ಕನ್ನಡಿಯಂತೆ ಕಂಡದ್ದು ಕೆಲವು ವರ್ಷಗಳಲ್ಲಿ ಬಿಳಿಚಿಕೊಂಡು ಹೊಪ್ಪಳೆ ಏಳುತ್ತದೆ. ಉಗುರನ್ನು ಅಡ್ಡ ಎಳೆದಾಗ ತಡೆಯುವ ಗೀರನ್ನು ನಾನು ಪೂರ್ತಿ ತೆಗೆಯಲು ಹೋಗುವುದಿಲ್ಲ. ಅದರ ಅಂಚನ್ನು ಮಾತ್ರ ನಯ ಮಾಡಿ, ಬೆಳಕಿಗೆ ಎದ್ದು ಕಾಣದಂತೆ ಮಾಡಿ ಬಿಡುತ್ತೇನೆ.

ಪೇಂಟಿನ ದಪ್ಪ ಅಳೆಯುವ ಗೇಜ್ ಇದ್ದರೆ ಒಳ್ಳೆಯದು, ಆದರೆ ಅದು ಹೇಳುವುದನ್ನು ತಪ್ಪು ತಿಳಿಯಬಾರದು. ಸಾಮಾನ್ಯ ಗೇಜ್ ತೋರಿಸುವುದು ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಸೇರಿದ ದಪ್ಪ. ಕಾರ್ಖಾನೆಯ ಪೇಂಟಿನಲ್ಲಿ ಹೆಚ್ಚಾಗಿ 90ರಿಂದ 150 ಮೈಕ್ರಾನ್ ಬರುತ್ತದೆ. 120 ಬಂತು ಎಂದರೆ ಕ್ಲಿಯರ್ ಎಷ್ಟು ಉಳಿದಿದೆ ಎಂದು ತಿಳಿಯಲಿಲ್ಲ. ಆದರೆ ಟಾಪ್ 110, ಒಂದು ಬಾಗಿಲು 250 ಎಂದಾದರೆ ಆ ಬಾಗಿಲಿಗೆ ಮರುಪೇಂಟ್ ಆಗಿದೆ ಎಂದು ಗೊತ್ತಾಯಿತು. ಅದರ ಗಡಸುತನ ಬೇರೆಯದೇ ಇರುತ್ತದೆ, ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಒಂದೇ ಪ್ಯಾನೆಲ್‌ನಲ್ಲಿ ಒಂದು ಜಾಗ ಮಾತ್ರ ಥಟ್ಟನೆ ಕಡಿಮೆ ತೋರಿಸಿದರೆ ಯಾರೋ ಅಲ್ಲಿ ಹಿಂದೆ ಜೋರಾಗಿ ಉಜ್ಜಿರಬಹುದು. ಅಲ್ಲಿ ಕಾಂಪೌಂಡ್ ಮುಟ್ಟಿಸುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಮೇಲೆ ಈ ಗೇಜ್ ನಡೆಯುವುದೇ ಇಲ್ಲ, ಕೆಳಗೆ ಲೋಹ ಬೇಕು.

ತೊಳೆಯುವ ಕೆಲಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಶಾಂಪೂ, ಟಾರು ಕಲೆ ತೆಗೆಯುವ ದ್ರವ, ಬ್ರೇಕಿನ ಕಬ್ಬಿಣದ ಪುಡಿ ಕರಗಿಸುವ ದ್ರವ, ಆಮೇಲೆ ಜಾರಲು ಲೂಬ್ರಿಕೆಂಟ್ ಹಾಕಿ ಕ್ಲೇ, ಅಂದರೆ ಅಂಟಿಕೊಂಡ ತರಿಯನ್ನು ಎತ್ತುವ ಮೆತ್ತನೆ ಜೇಡಿಯಂಥ ಉಂಡೆ. ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಸವರಿದರೆ ಬರಿಗೈಗೆ ಗೊತ್ತಾಗದ ತರಿಯೂ ಸಿಗುತ್ತದೆ. ತರಿ ಉಳಿದರೆ ಪ್ಯಾಡಿನ ಕೆಳಗೆ ಸಿಕ್ಕಿ ತಾನೇ ಹೊಸ ಗೀರು ಎಳೆಯುತ್ತದೆ. ರಬ್ಬರ್ ಬೀಡಿಂಗ್, ಬಣ್ಣವಿಲ್ಲದ ಕಪ್ಪು ಪ್ಲಾಸ್ಟಿಕ್, ಲೋಗೊ, ವಾಷರ್ ನಾಜಲ್ ಇವುಗಳಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ಕಪ್ಪು ಪ್ಲಾಸ್ಟಿಕ್ಕಿನ ಸಣ್ಣ ರಂಧ್ರಗಳಲ್ಲಿ ಒಣಗಿದ ಪಾಲಿಶ್ ತೆಗೆಯಲು ಹಿಡಿಯುವ ಹೊತ್ತಿನಲ್ಲಿ ಇಡೀ ಕಾರಿಗೆ ಎರಡು ಸಲ ಟೇಪ್ ಹಚ್ಚಬಹುದು. ಪ್ಯಾನೆಲ್ ಮಡಚಿದ ಅಂಚುಗಳಿಗೂ ಟೇಪ್ ಬೇಕು. ಪೇಂಟ್ ಅಲ್ಲೇ ತೆಳುವಾಗಿರುವುದು, ಪ್ಯಾಡಿನ ಒತ್ತಡವೂ ಆ ಒಂದೇ ಗೆರೆಯ ಮೇಲೆ ಬೀಳುತ್ತದೆ.

ಬೆಳಕಿನ ವಿಷಯ. ಟ್ಯೂಬ್‌ಲೈಟ್ ಕೆಳಗೆ ಎಂಥ ಪೇಂಟೂ ಚೆನ್ನಾಗಿಯೇ ಕಾಣುತ್ತದೆ. ಹರಡಿದ ಬೆಳಕಿನಲ್ಲಿ ಸುತ್ತುಗೀರು ಅಡಗಿಬಿಡುತ್ತದೆ. ಒಂದೇ ಬಿಂದುವಿನಿಂದ ಬರುವ ಎಲ್‌ಇಡಿ ಟಾರ್ಚ್ ಬೇಕು. ಅದನ್ನು ಓರೆಯಾಗಿ ಹಿಡಿದು ತಲೆಯನ್ನು ಅತ್ತಿತ್ತ ಆಡಿಸಿದರೆ ಜೇಡರ ಬಲೆಯ ಹಾಗೆ ಗೀರುಗಳು ಎದ್ದು ಬರುತ್ತವೆ.

ಹೊಸಬರಿಗೆ ಡಿಎ ಮೆಷಿನ್, ಅಂದರೆ ತಿರುಗುತ್ತಾ ಜೊತೆಗೆ ಅಲುಗುವ ಬಗೆಯದೇ ಸರಿ. ಬರೀ ತಿರುಗುವ ರೋಟರಿ ಬೇಗ ಕೆಲಸ ಮುಗಿಸುತ್ತದೆ, ಅಷ್ಟೇ ಬೇಗ ಅಂಚನ್ನು ಸುಟ್ಟೂ ಬಿಡುತ್ತದೆ. ಅದು ಬಿಡುವ ಹೊಲೊಗ್ರಾಂ ಗುರುತನ್ನು (ಬಿಸಿಲಿನಲ್ಲಿ ಹೊಳೆಯುತ್ತಾ ಸರಿದಾಡುವ ನವಿರು ಗೆರೆಗಳು) ತೆಗೆಯಲು ಕೊನೆಗೆ ಡಿಎಯನ್ನೇ ಹಿಡಿಯಬೇಕಾಗುತ್ತದೆ. ಬಾನೆಟ್, ಟಾಪ್, ಬಾಗಿಲಿನಂಥ ಸಮತಟ್ಟು ಜಾಗಕ್ಕೆ 15 ಮಿ.ಮೀ. ಅಲುಗಾಟದ್ದು, ಬಾಗಿದ ಬಂಪರಿಗೆ 8 ಮಿ.ಮೀ.ನದು ಹಿತ. ಪ್ಯಾಡ್ ಅಂಟಿಸುವ ತಟ್ಟೆ, ಅಂದರೆ ಬ್ಯಾಕಿಂಗ್ ಪ್ಲೇಟ್, 125 ಮಿ.ಮೀ., ಪ್ಯಾಡ್ ಅದಕ್ಕಿಂತ ಒಂದಿಷ್ಟು ದೊಡ್ಡದು. ಕನ್ನಡಿ, ಕಿಟಕಿ ಪಕ್ಕದ ಕಂಬ, ಬಾಗಿಲ ಹಿಡಿಕೆಯ ಸುತ್ತ 75 ಮಿ.ಮೀ.ನ ಚಿಕ್ಕ ಪ್ಯಾಡ್. ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಮಾರ್ಕರ್‌ನಿಂದ ಒಂದು ದಪ್ಪ ಗೆರೆ ಹಾಕಿಕೊಳ್ಳಿ. ಕೆಲಸದ ನಡುವೆ ಆ ಗೆರೆ ಒಂದೇ ಕಡೆ ನಿಂತು ನಡುಗುತ್ತಿದ್ದರೆ ಪ್ಯಾಡ್ ತಿರುಗುತ್ತಿಲ್ಲ, ಅಲುಗುತ್ತಿದೆ ಅಷ್ಟೇ. ಒತ್ತಡ ಜಾಸ್ತಿಯಾಗಿದೆ, ಇಲ್ಲವೇ ಮೆಷಿನ್ ವಾಲಿದೆ. ‘ಎಷ್ಟು ಉಜ್ಜಿದರೂ ಗೀರು ಹೋಗುತ್ತಿಲ್ಲ’ ಎನ್ನುವವರ ಪ್ಲೇಟಿನ ಮೇಲೆ ನಾನು ಮೊದಲು ಹಾಕಿಸುವುದು ಈ ಗೆರೆಯನ್ನೇ.

ಪ್ಯಾಡ್‌ಗಳಲ್ಲಿ ಹೆಚ್ಚು ಸವೆಸುವುದು ಉಣ್ಣೆ ಮತ್ತು ಮೈಕ್ರೋಫೈಬರ್, ಆಮೇಲೆ ಗಟ್ಟಿ ಫೋಮ್, ಮಧ್ಯಮ ಫೋಮ್, ಕೊನೆಗೆ ಮೆತ್ತನೆ ಫೋಮ್. ಬಣ್ಣ ನೋಡಿ ಕೊಳ್ಳಬೇಡಿ. ಒಬ್ಬ ತಯಾರಕರ ಹಳದಿ ಇನ್ನೊಬ್ಬರ ಹಳದಿಯಂತಿರುವುದಿಲ್ಲ. ಹಿಸುಕಿ ನೋಡಿ, ಮೇಲಿನ ವಿವರ ಓದಿ. ಪ್ರತಿ ಬಗೆಯಲ್ಲೂ ಒಂದೊಂದು ಸಾಲದು. ಒಂದು ಕಾರಿಗೆ ಒಂದು ಹಂತಕ್ಕೆ ಕನಿಷ್ಠ 4 ಪ್ಯಾಡ್ ಬೇಕು. ಬಿಸಿಯಾಗಿ, ಒದ್ದೆಯಾಗಿ, ಸವೆದ ಪೇಂಟ್ ತುಂಬಿದ ಪ್ಯಾಡ್ ಸವೆಸುವುದನ್ನು ನಿಲ್ಲಿಸಿ ಉಜ್ಜುವುದನ್ನಷ್ಟೇ ಮಾಡುತ್ತದೆ.

ಈಗ ಬಾಟಲಿಗೆ ಬರೋಣ. ಪಾಲಿಶ್‌ನಲ್ಲಿ ಸವೆಸುವ ಕಣ ಹೆಚ್ಚಾಗಿ ಅಲ್ಯೂಮಿನಿಯಂ ಆಕ್ಸೈಡ್. ಕೆಲವದರಲ್ಲಿ ಕಣಗಳು ಉಜ್ಜಿದಂತೆ ಒಡೆದು ಚಿಕ್ಕದಾಗುತ್ತವೆ. ಅಂಥದ್ದನ್ನು ನಡುವೆ ನಿಲ್ಲಿಸಿದರೆ ಒಡೆಯದ ಒರಟು ಕಣಗಳ ಗುರುತು ಪೇಂಟಿನ ಮೇಲೆ ಉಳಿಯುತ್ತದೆ. ಪಾಲಿಶ್ ತೆಳು ಪಾರದರ್ಶಕ ಪೊರೆಯಾಗುವವರೆಗೂ ಓಡಿಸಬೇಕು. ಇನ್ನು ಕೆಲವದರಲ್ಲಿ ಕಣ ಮೊದಲಿನಿಂದಲೇ ಸಣ್ಣದು, ಒಂದೇ ಅಳತೆಯದು, ಒಡೆಯುವುದಿಲ್ಲ. ಅದನ್ನು ಯಾವಾಗ ಬೇಕಾದರೂ ನಿಲ್ಲಿಸಬಹುದು, ಒತ್ತಡ ಮತ್ತು ಪ್ಯಾಡಿನಿಂದಲೇ ಅದರ ಜೋರು ಹೆಚ್ಚು ಕಡಿಮೆ ಮಾಡಬಹುದು. ನನಗೆ ಇದೇ ಇಷ್ಟ. ಎರಡರಲ್ಲಿ ಯಾವುದು ಎಂದು ತಯಾರಕರ ಸೂಚನೆಯಲ್ಲಿ ನೋಡಿಕೊಂಡೇ ಕೊಳ್ಳಬೇಕು. ಗೀರು ತುಂಬುವ ಎಣ್ಣೆ, ಮೇಣ ಬೆರೆಸಿದ ಪಾಲಿಶ್‌ಗಳೂ ಇವೆ. ಮಾರಾಟಕ್ಕಿಟ್ಟ ಕಾರು ಮಿರಿಮಿರಿ ಮಿಂಚಿ ನಾಲ್ಕು ಸಲ ತೊಳೆದ ಮೇಲೆ ಹಳೆಯ ಗೀರೆಲ್ಲ ತಿರುಗಿ ಬಂದರೆ ಅದರ ಹಿಂದೆ ಇದೇ ಇರುತ್ತದೆ. ಸವೆಸುವುದು, ಮೇಣ ಹಚ್ಚುವುದು ಎರಡನ್ನೂ ಒಂದೇ ಸಲ ಮಾಡುವ ಆಲ್-ಇನ್-ಒನ್ ಕೆಟ್ಟದ್ದೇನಲ್ಲ. ದಿನನಿತ್ಯ ಓಡುವ ಹಳೆಯ ಕಾರಿಗೆ ಸಾಕು. ಅದರ ಮೇಲೆ ಸೆರಾಮಿಕ್ ಕೋಟಿಂಗ್ ಮಾತ್ರ ಹಿಡಿಯುವುದಿಲ್ಲ.

ಪ್ಯಾಡ್, ಪಾಲಿಶ್‌ನ ಯಾವ ಜೋಡಿ ಬೇಕು ಎಂದು ಹೇಳುವುದು ಪರೀಕ್ಷಾ ಚೌಕ. ಬಾನೆಟ್ ಮೇಲೆ 40 ಸೆಂ.ಮೀ. ಚೌಕಕ್ಕೆ ಟೇಪ್ ಹಚ್ಚಿ, ನಯವಾದ ಪಾಲಿಶ್, ಮಧ್ಯಮ ಫೋಮ್ ಎರಡರಿಂದ ಶುರು ಮಾಡುತ್ತೇನೆ. ಮುಗಿದ ಮೇಲೆ ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸುತ್ತೇನೆ, 15ರಿಂದ 20 ಶೇಕಡಾ ಸಾಕು, ಗಾಢವಾದರೆ ಮೆತ್ತನೆ ಪೇಂಟಿಗೆ ಒಳ್ಳೆಯದಲ್ಲ. ಎಣ್ಣೆ ಹೋದ ಮೇಲೆ ಟಾರ್ಚ್ ಹಿಡಿದು ನೋಡುತ್ತೇನೆ. ಗೀರು ಮುಕ್ಕಾಲು ಪಾಲು ಹೋಗಿದ್ದರೆ ಇಡೀ ಕಾರಿಗೆ ಅದೇ ಜೋಡಿ. ಹೋಗಿಲ್ಲವೇ? ಮೊದಲು ಪ್ಯಾಡ್ ಬದಲಿಸುತ್ತೇನೆ, ಬಾಟಲಿಯನ್ನಲ್ಲ: ಅದೇ ಪಾಲಿಶ್, ಗಟ್ಟಿ ಫೋಮ್. ಆಗಲೂ ಸಾಲದಿದ್ದರೆ ಕಾಂಪೌಂಡ್ ಮತ್ತು ಗಟ್ಟಿ ಫೋಮ್. ಮೈಕ್ರೋಫೈಬರ್, ಉಣ್ಣೆ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಜಪಾನಿ ಕಾರಿನ ಪೇಂಟ್ ಮೆತ್ತಗೆ, ಜರ್ಮನ್ ಕಾರಿನದು ಗಡಸು ಎಂಬ ಮಾತು ಈ ಕೆಲಸದವರ ಬಾಯಲ್ಲಿ ಓಡಾಡುತ್ತಿರುತ್ತದೆ. ಅದನ್ನು ನಂಬಿ ಚೌಕ ಬಿಡಬಾರದು. ಒಂದೇ ಕಾರಿನಲ್ಲಿ ಲೋಹದ ಬಾಗಿಲು ಒಂದು ಥರ, ಪ್ಲಾಸ್ಟಿಕ್ ಬಂಪರ್ ಇನ್ನೊಂದು ಥರ ವರ್ತಿಸುತ್ತದೆ. ಪ್ಯಾಡಿಗೆ ಕಾರಿನ ಬಣ್ಣವೇ ಹತ್ತಿದರೆ ಒಂದೋ ಅದು ಕ್ಲಿಯರ್ ಕೋಟ್ ಇಲ್ಲದ ಹಳೆಯ ಬಗೆಯ ಪೇಂಟ್, ಇಲ್ಲವೇ ಕ್ಲಿಯರ್ ಮುಗಿದಿದೆ. ತಕ್ಷಣ ಮೆಷಿನ್ ನಿಲ್ಲಿಸಿ ಯಾವುದೆಂದು ಖಾತ್ರಿ ಮಾಡಿಕೊಳ್ಳಬೇಕು.

ಕೆಲಸದ ಸುತ್ತು ಹೀಗೆ. ಹೊಸ ಪ್ಯಾಡಿನ ಮೇಲ್ಮೈಗೆಲ್ಲ ಮೊದಲು ಪಾಲಿಶ್ ತೆಳ್ಳಗೆ ಸವರಿ ಒಳಗೆ ಇಳಿಸಬೇಕು. ಒಣ ಪ್ಯಾಡ್ ಪೇಂಟಿಗೆ ತಾಗಬಾರದು. ಆಮೇಲೆ ಪ್ರತಿ ಚೌಕಕ್ಕೆ ಬಟಾಣಿ ಕಾಳಿನಷ್ಟು 3 ಅಥವಾ 4 ಹನಿ. ಪ್ಯಾಡನ್ನು ಪೇಂಟಿನ ಮೇಲೆ ಇಟ್ಟ ಮೇಲೆಯೇ ಸ್ವಿಚ್ ಒತ್ತುವುದು, ನಿಂತ ಮೇಲೆಯೇ ಎತ್ತುವುದು, ಇಲ್ಲದಿದ್ದರೆ ಪಾಲಿಶ್ ಗೋಡೆಗೆ ರಾಚುತ್ತದೆ. 6 ಅಂಕಿಯ ಡಯಲ್‌ನಲ್ಲಿ 2ರಲ್ಲಿ ಹರಡಿ, 4 ಅಥವಾ 5ಕ್ಕೆ ಏರಿಸಿ. ಎಡದಿಂದ ಬಲಕ್ಕೆ ಸಾಲು ಹೊಡೆಯುವಾಗ ಪ್ರತಿ ಸಾಲೂ ಹಿಂದಿನದರ ಅರ್ಧದ ಮೇಲೆ ಬೀಳಬೇಕು. ಚೌಕ ಮುಗಿದ ಮೇಲೆ ಮೇಲಿನಿಂದ ಕೆಳಕ್ಕೆ. ಹೀಗೆ ಅಡ್ಡ ಎರಡು, ಉದ್ದ ಎರಡು. 40 ಸೆಂ.ಮೀ. ದಾಟಲು ಸುಮಾರು 8 ಸೆಕೆಂಡ್ ಹಿಡಿಯಬೇಕು, ಒಂದು ಚೌಕಕ್ಕೆ ಒಟ್ಟು ಮೂರು ನಿಮಿಷದ ಆಸುಪಾಸು. ನೆಲ ಒರೆಸುವ ಹಾಗೆ ಕೈ ಬೀಸುವುದೇ ಹೊಸಬರ ದೊಡ್ಡ ತಪ್ಪು. ಸವೆಸುವ ಸುತ್ತುಗಳಲ್ಲಿ ಒತ್ತಡ 5 ಕಿಲೊ ಸುತ್ತಮುತ್ತ. ಅದು ಕೈಗೆ ಹೇಗಿರುತ್ತದೆ ಎಂದು ತಿಳಿಯಲು ನಿಂತಿರುವ ಮೆಷಿನನ್ನು ತೂಕದ ಯಂತ್ರದ ಮೇಲೆ ಒತ್ತಿ ನೋಡಿ. ಕೊನೆಯ ಸುತ್ತಿನಲ್ಲಿ ಮೆಷಿನ್ ತೂಕವಷ್ಟೇ ಸಾಕು. ಚೌಕ ಮುಗಿದ ಕೂಡಲೇ ಕೈಯ ಹಿಂಬದಿ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಇಟ್ಟ ಕೈ ಇಡಲಾಗದಿದ್ದರೆ ಮಿತಿ ಮೀರಿದೆ. ಬಂಪರ್ ಇನ್ನೂ ಬೇಗ ಕಾಯುತ್ತದೆ, ಲೋಹದ ಹಾಗೆ ಪ್ಲಾಸ್ಟಿಕ್ ಶಾಖವನ್ನು ಹರಡಿಬಿಡುವುದಿಲ್ಲ. ಅಲ್ಲಿ ವೇಗ ಒಂದು ಅಂಕಿ ಕಡಿಮೆ, ಸುತ್ತು ಎರಡೇ.

ಪ್ರತಿ ಚೌಕ ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಉಜ್ಜಲೇಬೇಕು, ಗಾಳಿ ಹೊಡೆಯುವ ಸೌಕರ್ಯವಿದ್ದರೆ ಇನ್ನೂ ಒಳ್ಳೆಯದು. ಒರೆಸಲು ಗಿಡ್ಡ ಎಳೆಯ ಶುದ್ಧ ಮೈಕ್ರೋಫೈಬರ್ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಆ ದಿನ ಮತ್ತೆ ಮುಟ್ಟಬೇಡಿ.

ತಪ್ಪುಗಳು ತಮ್ಮ ಗುರುತನ್ನು ತಾವೇ ಹೇಳುತ್ತವೆ. ಬಿಳಿ ಪುಡಿ ಹಾರುತ್ತಿದ್ದರೆ ಪಾಲಿಶ್ ಒಣಗಿದೆ ಅಥವಾ ಪ್ಯಾಡಿನಲ್ಲಿ ಹಳೆಯದು ಕಟ್ಟಿಕೊಂಡಿದೆ. ಅದಕ್ಕೆ ಇನ್ನಷ್ಟು ಪಾಲಿಶ್ ಸುರಿಯುವುದು ಮದ್ದಲ್ಲ. ಪ್ಯಾಡ್ ಉಜ್ಜಿ, ಶುದ್ಧ ನೀರಿನ ಒಂದು ಸಣ್ಣ ತುಂತುರು ಹೊಡೆದು ಮುಂದುವರಿಸಿ. ಪಾಲಿಶ್ ಅಂಟಂಟಾಗಿ ಒರೆಸಲು ಬಾರದಿದ್ದರೆ ಹನಿ ಜಾಸ್ತಿಯಾಗಿದೆ, ಇಲ್ಲವೇ ಪ್ಯಾನೆಲ್ ಬಿಸಿಲಿಗೆ ಕಾದಿದೆ. ಗೀರು ಹೋಗಿ ಅದರ ಜಾಗದಲ್ಲಿ ಹಾಲಿನಂಥ ಮಬ್ಬು ಬಂದಿದ್ದರೆ ಗಾಬರಿ ಬೇಡ: ಮೆತ್ತನೆ ಪೇಂಟಿನ ಮೇಲೆ ಕಾಂಪೌಂಡ್, ಅದರಲ್ಲೂ ಮೈಕ್ರೋಫೈಬರ್ ಪ್ಯಾಡ್, ಇದನ್ನು ಬಿಟ್ಟೇ ಬಿಡುತ್ತದೆ. ಎರಡನೇ ಹಂತದಲ್ಲಿ ಮೆತ್ತನೆ ಫೋಮ್, ನಯವಾದ ಪಾಲಿಶ್, ಡಯಲ್ 3, ಎರಡು ಮೂರು ಸುತ್ತು. ಅದಕ್ಕೂ ಹೋಗದಿದ್ದರೆ ಹನಿ ಇನ್ನೂ ಕಡಿಮೆ ಮಾಡಿ, ಹೊಸ ಪ್ಯಾಡ್ ತೆಗೆಯಿರಿ. ಕಪ್ಪು ಕಾರಿನಲ್ಲಿ ಈ ಹಂತ ಬಿಡುವ ಹಾಗೇ ಇಲ್ಲ. ಬಿಳಿ, ಬೆಳ್ಳಿ ಬಣ್ಣದ ಕಾರಿನಲ್ಲಿ ಎಷ್ಟೋ ಸಲ ಒಂದೇ ಹಂತಕ್ಕೆ ನಿಲ್ಲಿಸಿ ಕ್ಲಿಯರ್ ಉಳಿಸುವುದೇ ಜಾಣತನ. ಹಂದಿಬಾಲದಂತೆ ಸುರುಳಿ ಸುರುಳಿಯಾದ ಗೀರು ಕಂಡರೆ ಪ್ಯಾಡಿನಲ್ಲಿ ಮರಳ ಕಣ ಸಿಕ್ಕಿದೆ. ಆ ಪ್ಯಾಡ್ ತೆಗೆದಿಡಿ, ಉಜ್ಜಿ ಮತ್ತೆ ಬಳಸುವ ಆಸೆ ಬೇಡ.

ಒಂದು ಹಂತ ಎಂದರೆ ಸುಮಾರಾಗಿ ಒಂದೆರಡು ಮೈಕ್ರಾನ್ ಲೆಕ್ಕ. ಕಾಂಪೌಂಡ್, ಉಣ್ಣೆ ಸೇರಿದರೆ ಇನ್ನೂ ಹೆಚ್ಚು. ಗೇಜ್ ಇದ್ದರೆ ಶುರುವಿಗೂ ಕೊನೆಗೂ ಅದೇ ಜಾಗ ಅಳೆದು ಬರೆದಿಡುತ್ತೇನೆ, ಅದೇ ಕಾರು ಮುಂದೆ ಬಂದಾಗ ಆ ಚೀಟಿಯೇ ದಾರಿ ತೋರಿಸುತ್ತದೆ. ವರ್ಷ ವರ್ಷ ಕಾಂಪೌಂಡ್ ಬೇಕು ಎನ್ನುವ ಕಾರಿನಲ್ಲಿ ದೋಷ ಪೇಂಟಿನದ್ದಲ್ಲ, ತೊಳೆಯುವ ಬಟ್ಟೆಯದ್ದು.

ಕೊನೆಗೆ ಮತ್ತೆ ಆಲ್ಕೊಹಾಲ್ ಒರೆತ, ಟೇಪ್ ಕಿತ್ತು ಅಂಚುಗಳಿಗೆ ಕೈಯಿಂದಲೇ ನಯವಾದ ಪಾಲಿಶ್, ಆಮೇಲೆ ಪೇಂಟ್ ಕಾಯುವ ಪದರವಾಗಿ ಮೇಣವೋ ಸೀಲೆಂಟೋ (ಕೃತಕ ಮೇಣದಂಥದ್ದು) ಕೋಟಿಂಗೋ. ಪಾಲಿಶ್ ಮಾಡಿದ ಪೇಂಟಿನ ಮೇಲೆ ಹಿಂದಿನ ಮೇಣ ಉಳಿದಿರುವುದಿಲ್ಲ, ಹಾಗಾಗಿ ಇದನ್ನು ನಾಳೆಗೆ ಎಂದು ಬಿಡುವಂತಿಲ್ಲ. ಪ್ಯಾಡ್‌ಗಳನ್ನು ಪಾಲಿಶ್ ಒಣಗುವ ಮೊದಲೇ ಉಗುರುಬೆಚ್ಚಗಿನ ನೀರು, ಸೌಮ್ಯ ಸೋಪಿನಲ್ಲಿ ಹಿಸುಕಿ ತೊಳೆಯಬೇಕು. ಕುದಿನೀರು ಹಾಕಿದರೆ ಹಿಂದಿನ ವೆಲ್ಕ್ರೋ ಅಂಟು ಬಿಡುತ್ತದೆ. ಒಣಹಾಕುವಾಗ ಫೋಮ್ ಕೆಳಗೆ, ವೆಲ್ಕ್ರೋ ಮೇಲೆ. ನೀರು ಅಂಟಿನ ಕಡೆಗೆ ಇಳಿಯಬಾರದು.